ಜಂಬ ಬೇರೆ, ದಮ್ಮು ಬೇರೆ

ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡೇ ಮಾತಾಡುವುದು ಸಬ್‌ವೂಫರ್, ಅಂದರೆ ದಪ್ಪ ದನಿಯಲ್ಲಿ ಗುಮ್ಮೆನ್ನುವ ಸ್ಪೀಕರ್, ಜೋಡಿಸುವ ನಮ್ಮ ಮೇಸ್ತ್ರಿಯ ಅಭ್ಯಾಸ. "ಮನೇಲಿ ನನ್ನ ಮಾತು ಕೇಳೋರಿಲ್ಲ, ನೀವಾದ್ರೂ ಕೇಳಿ" ಎಂದು ಶುರು ಮಾಡಿದನೆಂದರೆ ಮುಗಿಯಿತು. ಗಿರಾಕಿ ತಂದ ಆಂಪ್ಲಿಫೈಯರ್ ಡಬ್ಬದ ಮೇಲೆ ಎರಡು ಸಾವಿರ ವಾಟ್ ಎಂದಿದ್ದರೆ ಮೂಗು ಮುರಿಯುತ್ತಾನೆ. "ಇದು ಜಂಬ ಕಣ್ರೀ, ಒಂದು ಕ್ಷಣ ಕೂಗೋ ಶಕ್ತಿ. ದಿನವಿಡೀ ಹಾಡೋ ದಮ್ಮು ಎಷ್ಟು, ಅದನ್ನ ಹೇಳಿ!" ಆಂಪಿನ ದಮ್ಮು ಸಬ್‌ವೂಫರಿನ ದಮ್ಮಿಗೆ ಹೊಂದದಿದ್ದರೆ ಸ್ಕ್ರೂಡ್ರೈವರನ್ನು ಮುಟ್ಟುವುದೂ ಇಲ್ಲ. ಸಣ್ಣ ಆಂಪೇ ಸಾಕು ಎಂದವನಿಗಂತೂ ಚೆನ್ನಾಗಿ ಬಿಸಿ ಮುಟ್ಟಿಸುತ್ತಾನೆ: "ಅದು ಕೈಲಾಗದೆ ಅರಚಿ ಅರಚಿ ಸ್ಪೀಕರನ್ನೇ ಸುಡುತ್ತೆ!" ಎಲ್ಲ ಜೋಡಿಸಿದ ಮೇಲೆ ಹಾಡು ಹಾಕಿ, ಕೈಸನ್ನೆಯಿಂದ ಹೆಂಡತಿಯನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸುತ್ತಾನೆ. ಆಕೆ ಅದುರುವ ಸೀಟಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ತಲೆದೂಗಿದರೆ ಮಾತ್ರ ಕಾರು ಅಂಗಡಿ ಬಿಟ್ಟು ಹೊರಡುತ್ತದೆ. ಆಕೆಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಮೊನ್ನೆ ಒಬ್ಬ ಗಿರಾಕಿ ಇದನ್ನು ತಿಳಿದು ನಕ್ಕುಬಿಟ್ಟ. ಮೇಸ್ತ್ರಿ ಎದೆಯುಬ್ಬಿಸಿ ಹೇಳಿದ: "ಕಿವಿ ಇರೋರು ಜಂಬಕ್ಕೆ ಮರುಳಾಗ್ತಾರೆ ಸ್ವಾಮಿ. ಇವಳ ಅಂಗೈಗೆ ದಮ್ಮು ಮಾತ್ರ ಗೊತ್ತು."