ಬಿಲ್ವದ ಕುಂಡದಲ್ಲಿ ಮೊಟ್ಟೆ ಸಿಪ್ಪೆ

ನಾಯಿಮರಿ ಕೇಳೋಕೆ ಹೋದ್ರೆ ಆಯಮ್ಮ ನನ್ನನ್ನೇ ಕಟಕಟೆ ಹತ್ತಿಸಿದಳು. ಕಲ್ಯಾಣದುರ್ಗದಲ್ಲಿ ಊರಾಚೆ ಒಂದು ಶೆಡ್ಡು. ಗಾಡಿಗೆ ಸಿಕ್ಕ ನಾಯಿಗಳು, ಗೋಣಿಚೀಲದಲ್ಲಿ ಕಟ್ಟಿ ಬಿಸಾಕಿದ ಮರಿಗಳು ಎಲ್ಲಾ ಅಲ್ಲೇ. ನೋಡ್ಕೊಳ್ಳೋಳು ಒಬ್ಬ ರಿಟೈರಾದ ನರ್ಸಮ್ಮ. ನಮ್ಮ ಹಿಂದೂಪುರದ ಮನೇಲಿ ನನ್ನ ಕಡೆಯದು ಅಂತ ಒಂದು ಜೀವ ಬೇಕಿತ್ತು, ಅದಕ್ಕೆ ಹೋಗಿದ್ದೆ. ಯಾರು ಬೈತಾರೆ, ಯಾರು ಒದೀತಾರೆ, ಎಲ್ಲಿ ಮಲಗಿಸ್ತೀಯ ಅಂತ ಒಂದೇ ಸಮನೆ ಕೇಳಿದಳು. ನನ್ನನ್ನ ಹೆಣ್ಣು ನೋಡೋಕೆ ಬಂದಾಗ ನಮ್ಮಪ್ಪ ಗಂಡಿನ ಕಡೆಯವರನ್ನ ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಹುಣಸೇಹಣ್ಣಿನ ಮಂಡಿ ಸ್ವಂತದ್ದಾ ಅಂತ ಕೇಳಿದ, ಅಷ್ಟೇ.

ಮರಿ ಅಂದ್ರೆ ಏನು ಮರಿ! ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಯಾವ ಜಾತೀದು ಅಂದೆ. "ಹತ್ತು ಜಾತಿ ಕೂಡೈತೆ, ನಿನಗ್ಯಾಕೆ ಕಣಮ್ಮ?" ಅಂದಳು. ದಿನಕ್ಕೊಂದು ಬೇಯಿಸಿದ ಮೊಟ್ಟೆ ಹಾಕ್ತೀನಿ, ಬರೀ ಮೊಸರನ್ನ ಹಾಕಿ ಸೊರಗಿಸಲ್ಲ ಅಂತ ಸೈನ್ ಹಾಕಿಸ್ಕೊಂಡಳು. ಸೋಮವಾರ ಸೋಮವಾರ ಫೋನ್ ಮಾಡಿ ವಿಚಾರಿಸ್ತೀನಿ ಅಂದಳು. "ನಿಮ್ಮನೇಲಿ ಹೊಂದಲಿಲ್ಲ ಅಂದ್ರೆ ಬೀದಿಗೆ ಬಿಡಬ್ಯಾಡ. ನನಗೇ ತಂದುಕೊಡು, ಯಾವಾಗಾದ್ರೂ ಸರಿ."

ಆ ಮಾತಿಗೆ ನನ್ನ ಹೊಟ್ಟೆ ಉರಿದುಹೋಯ್ತು. ಮದುವೆಯಾದ ಎರಡನೇ ವರ್ಷ, ಅತ್ತೆ ಸೌಟಲ್ಲಿ ಹೊಡೆದಳು ಅಂತ ನಾನು ಇದೇ ಕಲ್ಯಾಣದುರ್ಗಕ್ಕೆ, ತೌರಿಗೆ ಓಡಿಬಂದಿದ್ದೆ. ಅಪ್ಪ ಕಾಫಿ ಕುಡಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹತ್ತಿಸಿದ. "ಕೊಟ್ಟ ಮೇಲೆ ಮುಗೀತು" ಅಂದ. ಬಸ್ಸು ಹೊರಡೋವರೆಗೂ ನಿಲ್ಲಲೂ ಇಲ್ಲ.

ನಾವು ಲಿಂಗಾಯತರು, ಮೊಟ್ಟೆ ಹೊಸಿಲು ದಾಟಂಗಿಲ್ಲ. ಅತ್ತೆ ಅಂಗೈಲಿ ಲಿಂಗ ಇಟ್ಕೊಂಡು ಕೂತ್ರೆ ಅರ್ಧ ಗಂಟೆ ಶಿವನ ಜೊತೆ. ಎದ್ದ ಕೂಡ್ಲೇ ನನ್ನ ಜೊತೆ ಜಗಳ. ಬೆಳೆದ ಮೇಲೆ ಮಂಡಿ ಕಾಯುತ್ತೆ ಅಂತ ಗಂಡ ಒಪ್ಪಿದ್ದಕ್ಕೆ ಮರಿಗೆ ಮಹಡಿ ಸಿಕ್ತು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲ್ಲ. ಅಲ್ಲೇ ಹಳೇ ಸ್ಟೋವ್ ಹಚ್ಚಿ ಮೊಟ್ಟೆ ಬೇಯಿಸ್ತಿದ್ದೆ. ಸಿಪ್ಪೆ ಕಸದ ಗಾಡಿಗೆ ಹಾಕೋಣ ಅಂದ್ರೆ ಬೀದಿ ತುಂಬ ನಮ್ಮೋರೇ. ಅದಕ್ಕೆ ಮಹಡೀಲಿದ್ದ ಬಿಲ್ವದ ಕುಂಡದಲ್ಲಿ ಹೂಳ್ತಿದ್ದೆ. ಅದೇ ಗಿಡದ ಪತ್ರೆ ಕಿತ್ತು ದಿನಾ ಅತ್ತೆ ಪೂಜೆಗೆ ಕೊಡ್ತಿದ್ದೋಳೂ ನಾನೇ. ತಪ್ಪು ಅಂತ ಗೊತ್ತಿರಲಿಲ್ವಾ ಅಂದ್ರೆ, ಗೊತ್ತಿತ್ತು.

ಮೂರನೇ ಸೋಮವಾರ ಆ ಮರಿ ಕುಂಡ ಕೆದಕಿ, ಸಿಪ್ಪೆ ಕಚ್ಕೊಂಡು ಕೆಳಗಿಳಿದು, ಪೂಜೆಗೆ ಕೂತಿದ್ದ ಅತ್ತೆ ಮುಂದೆ ಹಾಕ್ತು. ಮೂತಿ ತುಂಬ ಮಣ್ಣು, ಮಣ್ಣಲ್ಲಿ ಒಂದು ಬಿಲ್ವದೆಲೆ. ಅತ್ತೆಗೆ ಎಲ್ಲಾ ಅರ್ಥವಾಯ್ತು.

"ಅಯ್ಯೋ ಶಿವನೇ! ಇಷ್ಟು ದಿನ ಈ ಪತ್ರೇಲಾ ನಾನು ಪೂಜೆ ಮಾಡಿದ್ದು? ಜಾತಿ ಕೆಡಿಸಿಬಿಟ್ಯಲ್ಲೇ! ನಿನ್ನ ಮನೆ ಹಾಳಾಗ!" ಅಂದಳು, ಅದು ತನ್ನದೇ ಮನೆ ಅನ್ನೋದೂ ಮರೆತು. ಗಂಡ ಸ್ನಾನದ ಮನೆಯಿಂದ ಟವಲ್‌ನಲ್ಲೇ ಓಡಿಬಂದ. "ಇವತ್ತೇ ತಗೊಂಡೋಗಿ ವಾಪಸ್ ಬಿಟ್ಬಾ" ಅಂದ.

"ಬಿಡೋಕೆ ಹೋಯ್ತೀನಿ. ಆದ್ರೆ ನಾನು ವಾಪಸ್ ಬರಲ್ಲ."

ಅತ್ತೆ ನಕ್ಕಳು. "ಎಲ್ಲಿರ್ತೀಯೇ? ನಿಮ್ಮಪ್ಪ ಸಮಾಧಿಯಿಂದ ಎದ್ದು ಬತ್ತಾನಾ ಬಾಗಿಲು ತೆಗೆಯೋಕೆ?"

"ಶೆಡ್ಡಲ್ಲಿರ್ತೀನಿ, ನಾಯಿಗಳ ಜೊತೆ. ಇಲ್ಲಿಗಿಂತ ಮೇಲು."

ಮರೀನ ಎತ್ಕೊಂಡು, ಚೀಲಕ್ಕೆ ಎರಡು ಸೀರೆ ತುರುಕಿದೆ. ಅಷ್ಟರಲ್ಲಿ ನರ್ಸಮ್ಮನ ಸೋಮವಾರದ ಫೋನು ಬಂತು. ಕೈ ಬಿಡುವಿರಲಿಲ್ಲ, ಸ್ಪೀಕರ್ ಹಾಕಿದೆ. "ಏಮ್ಮಾ, ಎಲಾ ಉಂದಿ?" ಹೇಗೈತೆ ಅಂತ ತೆಲುಗಲ್ಲಿ ಶುರು ಮಾಡಿ, "ಚೆನ್ನಾಗಿ ನೋಡ್ಕೊಂತಾರಾ? ಹೊಡೀತಾರಾ? ಇದ್ದದ್ದು ಹೇಳು, ನಾನೇ ಬಂದು ಕರ್ಕೊಂಡೋಯ್ತೀನಿ" ಅಂದಳು.

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಕಲ್ಯಾಣದುರ್ಗದಿಂದ ಒಬ್ಬರೂ ನನ್ನ ವಿಷಯಕ್ಕೆ ಹೀಗೆ ಕೇಳಿರಲಿಲ್ಲ. ಫೋನನ್ನ ಅತ್ತೆ ಮುಖಕ್ಕೆ ಹಿಡಿದೆ. "ನೀವೇ ಹೇಳಿ. ಈ ಮನೇಲಿ ಹೊಡೀತಾರಾ?"

ಅತ್ತೆ ಮಗನ ಮುಖ ನೋಡಿದಳು. ಅವನು ನನ್ನ ಚೀಲ ನೋಡ್ತಾ ನಿಂತಿದ್ದ. "ಹೊಡೆಯಲ್ಲ" ಅಂದಳು, ಹಲ್ಲು ಕಚ್ಕೊಂಡು.

ಮರಿ ಇಲ್ಲೇ ಐತೆ, ನಾನೂ ಇಲ್ಲೇ ಇದ್ದೀನಿ. ಮೊಟ್ಟೆ ಈಗಲೂ ಮಹಡೀಲಿ ಬೇಯುತ್ತೆ, ಕದ್ದುಮುಚ್ಚಿ ಅಲ್ಲ. ಅತ್ತೆಗೂ ನನಗೂ ಮಾತಿಲ್ಲ, ಬೇಕಾಗೂ ಇಲ್ಲ. ಅಪ್ಪ ಸತ್ತು ಆರು ವರ್ಷವಾಯ್ತು. ಇದ್ದಿದ್ರೆ ಆ ಫೋನು ಅವನ ಕೈಗೂ ಕೊಡ್ತಿದ್ದೆ.