ಕೊನೆ ನೋಡದ ಸಿನಿಮಾಗಳು

ನನ್ನ ಅಮ್ಮ ನೋಡಿದಷ್ಟು ಕಪ್ಪು-ಬಿಳುಪು ಸಿನಿಮಾಗಳನ್ನು ನಮ್ಮ ದಾವಣಗೆರೆಯ ವಿನೋಬನಗರದಲ್ಲಿ ಇನ್ಯಾರೂ ನೋಡಿರಲಾರರು. ಆದರೆ ಅವುಗಳಲ್ಲಿ ಮುಕ್ಕಾಲು ಪಾಲಿನ ಕೊನೆಯನ್ನು ಆಕೆ ನೋಡಿರಲಿಲ್ಲ. ಅದಕ್ಕೆ ಕಾರಣ ಹರಿಹರದ ಬಸ್ಸು.

ಅಮ್ಮನ ತವರು ಹರಿಹರ. ಅಲ್ಲಿ ನನ್ನಜ್ಜಿ ಮನೆಯ ಮುಂಬಾಗಿಲಲ್ಲೇ ಮೆಣಸಿನಕಾಯಿ ಬೋಂಡ, ಮಂಡಕ್ಕಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಬಾಣಲೆ. ಪ್ರತಿ ಸೋಮವಾರ ಕಡಲೆಹಿಟ್ಟು, ಎಣ್ಣೆಗೆಂದು ದಾವಣಗೆರೆಯ ಮಂಡಿಪೇಟೆಗೆ ಒಬ್ಬಳೇ ಬರುತ್ತಿದ್ದಳಂತೆ. ಬೆಳಿಗ್ಗೆ ಹೊರಟವಳು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ, ಮಂಡಿಯಲ್ಲಿ ತಡವಾಯಿತು ಎನ್ನುತ್ತಿದ್ದಳು. ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಕರೆತರುತ್ತಿದ್ದುದು ಆಮೇಲಿನ ಭಾನುವಾರ, ಸಂಜೆಯಾಟಕ್ಕೆ. ಹರಿಹರದಲ್ಲೂ ಟಾಕೀಸು ಇತ್ತು. ಆದರೆ ಅಲ್ಲಿಗೆ ಬರುವಷ್ಟರಲ್ಲಿ ರೀಲು ಸವೆದು ಹೀರೋ ಯಾರು, ವಿಲನ್ ಯಾರು ತಿಳಿಯುವುದಿಲ್ಲ ಎಂಬುದು ಅಜ್ಜಿಯ ವಾದ.

ಸಿನಿಮಾ ಇನ್ನೇನು ಮುಗಿಯಬೇಕು, ನಾಯಕಿಯ ಕಷ್ಟ ಕುತ್ತಿಗೆಗೆ ಬಂದಿರಬೇಕು, ಆಗ ಅಜ್ಜಿ ಸೆರಗು ಕೊಡವಿಕೊಂಡು ಎದ್ದು ನಿಲ್ಲುತ್ತಿದ್ದಳು. “ಏಳ್ರಿ ಏಳ್ರಿ, ಬಸ್ಸು ತಪ್ಪತೈತೆ!” ಮಕ್ಕಳು ಅತ್ತರೂ ಕರೆದರೂ ಕೇಳುವವಳಲ್ಲ. ದೇವರ ಸಿನಿಮಾಕ್ಕೆ ಮಾತ್ರ ವಿನಾಯಿತಿ. ಮಂಗಳಾರತಿ ಆಗುವ ತನಕ ಕೂರಿಸುತ್ತಿದ್ದಳು. ದೇವರ ಸಿನಿಮಾ ಇದ್ದ ದಿನ ಬಸ್ಸು ಕಾಯುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಉಳಿದ ಕಥೆಯನ್ನು ಬಸ್ಸಿನಲ್ಲಿ ಅಜ್ಜಿಯೇ ಹೇಳಿ ಮುಗಿಸುತ್ತಿದ್ದಳು. “ನಿನಗೆ ಹೆಂಗೆ ಗೊತ್ತು?” ಎಂದು ಅಮ್ಮ ಒಮ್ಮೆ ಕೇಳಿದ್ದಳಂತೆ. “ಇಷ್ಟು ನೋಡಿದ ಮ್ಯಾಲೆ ಉಳಿದದ್ದು ಗೊತ್ತಾಗದೇ ಇರೋದೇನೈತೆ?” ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು. ಟಿಕೆಟ್ ಹರಿಯುವುದನ್ನು ಬಿಟ್ಟು ಕಂಡಕ್ಟರೂ ಕಥೆಗೆ ಕಿವಿ ಕೊಡುತ್ತಿದ್ದನಂತೆ. ಹರಿಹರದ ಹೊಳೆಯ ಗಾಳಿ ಮುಖಕ್ಕೆ ಬೀಸುವಷ್ಟರಲ್ಲಿ ನಾಯಕಿಗೆ ಒಳ್ಳೆಯದಾಗಿರುತ್ತಿತ್ತು. ಅಮ್ಮ ನನಗೆ ದಾಟಿಸಿದ್ದು ಆ ಕಥೆಗಳನ್ನೇ. ಸಿನಿಮಾ ಎಲ್ಲಿ ಮುಗಿಯಿತು, ಅಜ್ಜಿ ಎಲ್ಲಿಂದ ಶುರುವಾದಳು ಎಂದು ನಾನಂತೂ ಬೇರೆ ಮಾಡಲಾರೆ.

ಅವುಗಳಲ್ಲಿ ಒಂದು ಕಥೆ ನಮ್ಮ ಮನೆಯ ಉಪ್ಪು-ಖಾರದಲ್ಲೇ ಬೆರೆತುಹೋಗಿದೆ. ಶ್ರೀಮಂತ ಮನೆಯ ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಹೆಂಡತಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಧೂಳಿನ ದಾರಿ ಹಿಡಿಯುತ್ತಾಳೆ. ಅಜ್ಜಿ ಎದ್ದದ್ದು ಅಲ್ಲಿಗೆ. ಬಸ್ಸಿನಲ್ಲಿ ಮುಂದುವರಿದ ಕಥೆಯಲ್ಲಿ ಆಕೆ ಬೇರೆ ಊರಿನಲ್ಲಿ ರೊಟ್ಟಿ ಅಂಗಡಿ ಇಡುತ್ತಾಳೆ. ಕೈ ಹಿಡಿಯುತ್ತದೆ. ಒಂದು ದಿನ ಗಂಡ ಹಸಿದುಕೊಂಡು ಬಂದು ನಿಲ್ಲುತ್ತಾನೆ. ಆಕೆ ಬೈಯುವುದಿಲ್ಲ, ಅಳುವುದೂ ಇಲ್ಲ. ಬಿಸಿ ರೊಟ್ಟಿ ಬಡಿಸಿ, ಉಂಡ ಮೇಲೆ ಕೈಗೆ ನೀರು ಕೊಟ್ಟು, ದಾರಿ ತೋರಿಸುತ್ತಾಳೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮನ್ನು ಬಿಟ್ಟು ಬೇರೆ ಸಂಸಾರ ಹೂಡಿದ. ಬಂಧುಗಳು ಅಮ್ಮನಿಗೆ ಹೇಳದ ಬುದ್ಧಿಮಾತಿಲ್ಲ. ಕಾಲಿಗೆ ಬೀಳು, ಹರಕೆ ಹೊತ್ತುಕೋ, ಹಣೆಬರಹ ಅನ್ನು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿ, ಮುಂಬಾಗಿಲಿನ ಕೋಣೆಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿಯಲು ಕುಳಿತಳು. ಆ ಒಲೆ ನನ್ನನ್ನು ಓದಿಸಿತು. ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅಪ್ಪ ಬಂದ. ಅಮ್ಮ ಮಣೆ ಹಾಕಿ, ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಉಂಡು, ಚೆಂಬಿನ ನೀರಲ್ಲಿ ಕೈ ತೊಳೆದು, ಇನ್ನು ಇಲ್ಲೇ ಇರುವವನಂತೆ ಗೋಡೆಗೆ ಒರಗಿದ. “ಹೊಟ್ಟಿ ತುಂಬ್ತಲ್ಲ, ಇನ್ನ ಹೊರಡ್ರಿ,” ಎಂದಳು ಅಮ್ಮ, ಗಿರಾಕಿಗೆ ಹೇಳುವಷ್ಟೇ ಮರ್ಯಾದೆಯಿಂದ. ನಾನು ಬಾಗಿಲ ಹಿಂದೆ ನಿಂತು ನೋಡಿದ್ದೆ. ಅವತ್ತಿನಿಂದ ಇವತ್ತಿನವರೆಗೂ ಆ ತಾಯಿಯನ್ನು ಕಂಡರೆ ನನಗೆ ಹೆಮ್ಮೆ, ಸ್ವಲ್ಪ ಹೆದರಿಕೆ ಕೂಡ.

ಹೋದ ವರ್ಷ ಟೀವಿಗೆ ಇಂಟರ್ನೆಟ್ ಹಾಕಿಸಿದೆ. ಅಮ್ಮನಿಗೆ ಯೂಟ್ಯೂಬು ಹಿಡಿದುಬಿಟ್ಟಿತು. ಸಿನಿಮಾ ಒಂದೇ ಅಲ್ಲ, ಯಾವ ಕಾಲದಲ್ಲೋ ತೆಗೆದ ಮಾತಿಲ್ಲದ ಚಿತ್ರಗಳನ್ನೂ ನೋಡುತ್ತಾಳೆ. ಅಣೆಕಟ್ಟೆಗೆ ಕಲ್ಲು ಹೊರುವ ಹೆಂಗಸರು, ಸಂತೆಗೆ ಹೋಗುವ ಗಾಡಿಗಳು, ಮೆರವಣಿಗೆಯಲ್ಲಿ ಕ್ಯಾಮೆರಾ ಕಂಡು ನಾಚಿ ನಿಂತವರು. “ಪಾಪ, ಆಕಿ ಮಗೂನ ಯಾರ ಹತ್ರ ಬಿಟ್ಟು ಬಂದಾಳೋ,” ಎಂದು ಕಲ್ಲು ಹೊತ್ತವಳಿಗಾಗಿ ಮರುಗುತ್ತಾಳೆ. ನಾನು ಅದೇ ಚಿತ್ರದಲ್ಲಿ ಅಣೆಕಟ್ಟೆಯನ್ನು ನೋಡುತ್ತಿರುತ್ತೇನೆ, ಅಮ್ಮ ಹೇಳಿದ ಮೇಲೆ ಹೆಂಗಸು ಕಾಣುತ್ತಾಳೆ. ಹೀಗೆ ನೋಡುವುದನ್ನು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ.

ಒಂದು ದಿನ ಹುಡುಕುತ್ತಿದ್ದಾಗ ಆ ರೊಟ್ಟಿ ಅಂಗಡಿಯ ಸಿನಿಮಾವೇ ಸಿಕ್ಕಿತು. ಯಾರೋ ಪುಣ್ಯಾತ್ಮರು ಪೂರ್ತಿ ಹಾಕಿದ್ದರು. ಕುತೂಹಲ ತಡೆಯದೆ ಆಫೀಸಿನ ಊಟದ ಹೊತ್ತಿನಲ್ಲಿ ಫೋನಿನಲ್ಲೇ ಕೊನೆಯನ್ನು ನೋಡಿದೆ. ರೊಟ್ಟಿಯೂ ಇಲ್ಲ, ಅಂಗಡಿಯೂ ಇಲ್ಲ. ಆಕೆ ಕೆಮ್ಮುತ್ತಾ ಕೆಮ್ಮುತ್ತಾ ಗಂಡನ ಪಾದದ ಮೇಲೆ ತಲೆಯಿಟ್ಟು, ಕ್ಷಮಿಸಿ ಎಂದು ಸಾಯುತ್ತಾಳೆ. ಅವನು ಆ ಇನ್ನೊಬ್ಬಳ ಕೈಗೆ ಮಗುವನ್ನು ಕೊಡುತ್ತಾನೆ. ಊಟದ ಡಬ್ಬಿಯ ಮುಚ್ಚಳ ಹಾಕಿಬಿಟ್ಟೆ. ಅಮ್ಮ ಯಾವುದನ್ನು ನಂಬಿ ಬದುಕು ಕಟ್ಟಿದ್ದಳೋ ಅದು ಬಸ್ಸಿನಲ್ಲಿ ಹುಟ್ಟಿದ ಮಾತು. ಈ ವಯಸ್ಸಿನಲ್ಲಿ ಅದು ಅವಳಿಗೆ ಗೊತ್ತಾಗುವುದು ಬೇಡವೆಂದು ಸುಮ್ಮನಾದೆ.

ಆದರೆ ಯೂಟ್ಯೂಬಿಗೆ ನನ್ನ ಕಷ್ಟ ಏನು ಗೊತ್ತು? ಭಾನುವಾರ ಮಧ್ಯಾಹ್ನ ಅದೇ ಆ ಸಿನಿಮಾವನ್ನು ಅಮ್ಮನ ಮುಂದೆ ತಂದಿಟ್ಟಿತು. ನಾನು ಒಳಗಿನಿಂದ ಬರುವಷ್ಟರಲ್ಲಿ ಶುರುವಿನ ಹೆಸರುಗಳು ಬರುತ್ತಿದ್ದವು. ಎಷ್ಟು ಚೆಂದದ ಸಿನಿಮಾ ಅದು! ನಾಯಕಿ ಕಂದೀಲು ಹಿಡಿದು ಮೆಟ್ಟಿಲಿಳಿಯುವಾಗ ಗೋಡೆಯ ಮೇಲೆ ಅವಳ ನೆರಳು ಅವಳಿಗಿಂತ ಮೊದಲು ಇಳಿಯುತ್ತದೆ. ಕೊನೆ ಗೊತ್ತಿದ್ದೂ ನಾನು ಕಣ್ಣು ಕೀಳಲಾಗದೆ ಕುಳಿತೆ. ಧೂಳಿನ ದಾರಿ ಬಂದಾಗ ರಿಮೋಟಿಗೆ ಕೈ ಹಾಕಿ, “ಸಾಕಮ್ಮ, ಕಣ್ಣು ನೋಯ್ತಾವೆ,” ಎಂದೆ.

“ಇರಲಿ ಬಿಡು. ಈಗ ನಾನು ಯಾವ ಬಸ್ಸು ಹಿಡೀಬೇಕೈತೆ?” ಎಂದು ಅಮ್ಮ ರಿಮೋಟನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

ಪೂರ್ತಿ ನೋಡಿದಳು. ಶುಭಂ ಎಂದು ಬಂದ ಮೇಲೂ ಅಲ್ಲಾಡಲಿಲ್ಲ. ನಾನು ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

“ಆ ಹುಡುಗಿ ಎಷ್ಟು ಚಂದ ಮಾಡ್ಯಾಳೆ,” ಎಂದಳು ಕಡೆಗೆ. “ಕತೆ ಬರೆದೋನಿಗೆ ಬುದ್ಧಿ ಇಲ್ಲ.” ರಿಮೋಟನ್ನು ಪಕ್ಕಕ್ಕಿಟ್ಟು, “ಮದುವೆಯಾಗಿ ಈ ಊರಿಗೆ ಬಂದ ಮ್ಯಾಲೆ ನನಗೆ ಒಂದು ಗೊತ್ತಾಗಿತ್ತು. ಆಟ ಬಿಟ್ಟ ಮ್ಯಾಲೂ ಹರಿಹರಕ್ಕೆ ಬಸ್ಸು ಇರ್ತಿತ್ತು. ಅವ್ವಗೆ ಪಾಪ ತಿಳಿದಿಲ್ಲ ಅಂದ್ಕಂಡಿದ್ದೆ,” ಎಂದಳು.

“ಅಜ್ಜಿಗೆ ತಿಳಿದಿಲ್ಲ ಅಂದ್ರೆ ಹೆಂಗಮ್ಮ? ವಾರ ವಾರ ಇದೇ ಊರಿಗೆ ಬರ್ತಿದ್ಲಲ್ಲ?” ಎಂದೆ.

“ಅದನ್ನೇ ಹೇಳಾಕತ್ತೀನಿ. ಕಡಲೆಹಿಟ್ಟು ತಗೊಳ್ಳಾಕೆ ಒಂದು ತಾಸು ಸಾಕು. ನಮ್ಮವ್ವ ದೀಪ ಹಚ್ಚೋ ಹೊತ್ತಿಗೆ ಬರ್ತಿದ್ಲು. ಮಧ್ಯಾಹ್ನದ ಆಟ ನೋಡ್ಕಂಡೇ ಬರ್ತಿದ್ಲು, ಕಳ್ಳಿ!” ಎನ್ನುತ್ತಾ ಅಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಎಲ್ಲಿ ಎಬ್ಬಿಸಬೇಕು ಅಂತ ನೋಡಿಟ್ಕಂಡು ಬರ್ತಿದ್ಲು.”

ಬರೀ ಮೂರನೇ ಕ್ಲಾಸು ಓದಿದ, ಕೈಯಲ್ಲಿ ಸದಾ ಎಣ್ಣೆ ವಾಸನೆಯಿದ್ದ ಆ ಅಜ್ಜಿಯನ್ನು ನಾನು ಅಷ್ಟು ದಿನ ಬಸ್ಸಿಗೆ ಅವಸರ ಮಾಡುವ ಮುದುಕಿ ಎಂದೇ ಅಂದುಕೊಂಡಿದ್ದೆ. ಅವಳು ಒಬ್ಬಳೇ ಆ ಕತ್ತಲಲ್ಲಿ ಕುಳಿತು ನಾಯಕಿ ಸಾಯುವುದನ್ನು ನೋಡಿದ್ದಳು. ತನ್ನ ಹೆಣ್ಣುಮಕ್ಕಳು ಅದನ್ನು ನೋಡಬಾರದೆಂದು ಅಲ್ಲೇ ನಿರ್ಧರಿಸಿ, ಸೋಮವಾರದಿಂದ ಭಾನುವಾರದವರೆಗೆ ಬೋಂಡ ಕರಿಯುತ್ತಾ ಬೇರೆ ಕೊನೆ ಕಟ್ಟಿದ್ದಳು. ಅವಳ ಕಾಲು ಮುಟ್ಟಿ ನಮಸ್ಕರಿಸಬೇಕೆನ್ನಿಸಿತು. ಅವಳು ಹೋಗಿ ಎಷ್ಟೋ ವರ್ಷವಾಗಿತ್ತು.

ನಮ್ಮ ಮನೆಗೆ ರೊಟ್ಟಿ ಬಡಿಯಲು ಹತ್ತಿರದ ಹಳ್ಳಿ ಆನಗೋಡಿನಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಗಂಡನ ಮನೆಯಿಂದ ಮಗುವನ್ನು ಎತ್ತಿಕೊಂಡು ಈಚೆಗೆ ತವರಿಗೆ ಬಂದವಳು. ಕರೆಯಲು ಬರುತ್ತಾರೋ ಇಲ್ಲವೋ ಎಂದು ದಿನವೂ ದಾರಿ ಕಾಯುತ್ತಾಳೆ. ಮುಂದಿನ ವಾರ ಅಮ್ಮ ಅವಳನ್ನು, “ಬಾರವ್ವ, ಒಂದು ಒಳ್ಳೇ ಸಿನಿಮಾ ಐತೆ,” ಎಂದು ಟೀವಿಯ ಮುಂದೆ ಕೂರಿಸಿಕೊಂಡಳು. ಅದೇ ಸಿನಿಮಾ. ಬೇಡವೆಂದು ನಾನು ಕಣ್ಸನ್ನೆ ಮಾಡಿದೆ, ಅಮ್ಮ ನೋಡಿದರೂ ನೋಡದಂತಿದ್ದಳು. ಆ ಹುಡುಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎವೆಯಿಕ್ಕದೆ ನೋಡಿದಳು. ತೆರೆಯ ಮೇಲೆ ಧೂಳಿನ ದಾರಿ ಬಂತು.

ಅಮ್ಮ ರಿಮೋಟು ಒತ್ತಿದಳು. ಟೀವಿ ಕಪ್ಪಾಯಿತು.

“ಅಯ್ಯೋ, ಆಮ್ಯಾಲೆ ಏನಾತ್ರಿ ಅಮ್ಮಾರೆ?” ಎಂದಳು ಹುಡುಗಿ.

“ಏಳು ಏಳು, ನಿನ್ನ ಬಸ್ಸು ತಪ್ಪತೈತೆ. ನಡಿ, ಸ್ಟಾಪಿನ ತನಕ ನಾನೂ ಬರ್ತೀನಿ, ಹಾದೀಲಿ ಹೇಳ್ತೀನಿ,” ಎಂದು ಅಮ್ಮ ಸೆರಗು ಕೊಡವಿಕೊಂಡು ಎದ್ದಳು. ಆನಗೋಡಿನ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.