ಟಾಂಗಾ ಶರಣಪ್ಪನವರ ಕಾಲ್‌ಸ್ಟೇರಿಂಗ್

ಟಾಂಗಾ ಶರಣಪ್ಪನವರ ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ಪರಿಚಯ. ಮಕ್ತಲಿನಲ್ಲಿ ಅವರ ಗಾಡಿ ಹತ್ತಿದವರೆಲ್ಲರ ಪಾಡೂ ಅದೇ. ಮುಂದಿನ ಹಲಗೆಯ ಮೇಲೆ ಕೂತು ಲಗಾಮು ಹಿಡಿದರೆಂದರೆ ಅವರ ಬಾಯಿಗೆ ಬಿಡುವಿರಲಿಲ್ಲ. ಯಾರ ಮನೆಯ ಎಮ್ಮೆ ಈದಿದೆ, ನಾರಾಯಣಪೇಟೆಯ ಯಾವ ಸಾವುಕಾರ ಸೀರೆಯ ಅಂಚಿಗೆ ನಿಲ್ಲದ ಬಣ್ಣ ಹಾಕಿಸಿದ್ದಾನೆ, ಯಾವ ಮದುವೆಯಲ್ಲಿ ಬೀಗರು ಮುನಿಸಿಕೊಂಡು ಎದ್ದು ಹೋದರು, ಎಲ್ಲವೂ ಹಿಂದೆ ಕೂತವರ ಕಿವಿಗೆ ಬೀಳುತ್ತಿತ್ತು. ಅದೇ ಮನುಷ್ಯ ಗಾಡಿಯಿಂದ ಇಳಿದು ಎದುರಿಗೆ ನಿಂತರೆ ಮೂಕ. ಬಾಡಿಗೆ ಕೇಳುವುದಕ್ಕೂ ಮುಖ ಪಕ್ಕಕ್ಕೆ ತಿರುಗಿಸಿ ಕುದುರೆಯ ಕಿವಿ ನೋಡುತ್ತ ಕೇಳುತ್ತಿದ್ದರು. ನಮ್ಮವ್ವ ಒಮ್ಮೆ ಅವರನ್ನು ಊಟಕ್ಕೆ ಕೂರಿಸಿ, ಸಾರಿಗೆ ಉಪ್ಪು ಸಾಕೇ ಎಂದು ಕೇಳಿ ಕೇಳಿ ಸೋತಿದ್ದಳು. ಊಟ ಮುಗಿಸಿ, ಹೊರಗೆ ಹೋಗಿ, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೆನ್ನು ಮಾಡಿ ನಿಂತ ಮೇಲೆ ಉತ್ತರ ಬಂತು: “ಸಾರು ಛಲೋ ಆಗಿತ್ತವ್ವ, ಉಪ್ಪು ಒಂದೀಟು ಕಮ್ಮಿ.”

ನನ್ನದು ನಾರಾಯಣಪೇಟೆ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ. ಟಾಂಗಾದ ಪಟ್ಟಿ ಮುರಿದಾಗ, ಚಕ್ರ ಅಲುಗಾಡಿದಾಗ ಅವರು ನನ್ನಲ್ಲಿಗೇ ಬರುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು, ಅದೂ ಅಂಗಡಿಯ ಗೋಡೆಯನ್ನು ನೋಡುತ್ತ.

ಆಟೋಗಳು ಬಂದು ಟಾಂಗಾ ಹತ್ತುವವರು ಇಲ್ಲವಾದರು. ಶರಣಪ್ಪನವರ ಹತ್ತಿರ ಆಗ ಮೋತಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆಯಿತ್ತು. ಎಲ್ಲರೂ ಮಾರಿಬಿಡು ಎಂದರು. ಅವರು ಮಾರಲಿಲ್ಲ, ತಂದು ಎಡೆಕುಂಟೆಗೆ ಕಟ್ಟಿದರು. ಹತ್ತಿಯ ಸಾಲುಗಳ ನಡುವೆ ಹಾಯ್ದು ಕಳೆ ಕೀಳುವ ಕುಂಟೆ ಅದು, ನಮ್ಮ ಕಡೆ ಎತ್ತುಗಳೇ ಎಳೆಯುವಂಥದ್ದು. ಎತ್ತಿನ ಜಾಗದಲ್ಲಿ ಕುದುರೆಯನ್ನು ಕಂಡು ಊರೆಲ್ಲ ನಕ್ಕಿತು. ಇನ್ನು ಎಮ್ಮೆಗೆ ಟಾಂಗಾ ಕಟ್ಟುವುದೊಂದು ಬಾಕಿ ಎಂದು ನಾನೂ ಹಲ್ಲು ಕಿರಿದೆ. ಆದರೆ ನಿಜವಾದ ತೊಡಕು ನಗುವವರದ್ದಲ್ಲ, ನಡಿಗೆಯದ್ದು. ಎತ್ತು ನಿಧಾನಕ್ಕೆ ಹೆಜ್ಜೆ ಹಾಕುತ್ತದೆ; ಸಾಲು ಸ್ವಲ್ಪ ಸೊಟ್ಟಗಿದ್ದರೂ ಹಿಂದಿನವನು ಕುಂಟೆಯನ್ನು ಕೈಯಿಂದ ಆಚೀಚೆ ಸರಿಸಿ ಗಿಡ ಉಳಿಸಿಕೊಳ್ಳುತ್ತಾನೆ. ಕುದುರೆಯ ನಡಿಗೆ ಬಿರುಸು. ಕೈ ಸರಿಸುವಷ್ಟರಲ್ಲಿ ಅಲಗು ಗಿಡದ ಬುಡಕ್ಕೆ ಹೋಗಿರುತ್ತದೆ.

ಅದಕ್ಕೇ ಅವರ ಹೆಂಡತಿ ನಿಂಗಮ್ಮ ಮುಂದೆ ನಡೆಯುತ್ತಿದ್ದರು. ಮೋತಿಯ ಬಾಯಿಯ ಪಕ್ಕ ಹಗ್ಗ ಹಿಡಿದು, ತನ್ನ ನಡಿಗೆಗೆ ಅದರ ನಡಿಗೆಯನ್ನು ಇಳಿಸಿ, ಸೆರಗಿನಲ್ಲಿ ಒಂದು ಹಿಡಿ ಕಡಲೆ ಕಟ್ಟಿಕೊಂಡು. ಹಿಂದೆ ಶರಣಪ್ಪ ಕುಂಟೆ ಹಿಡಿಯುತ್ತಿದ್ದರು. ಮುಂದಿನವರು ಹಿಂದಕ್ಕೆ ತಿರುಗಿ ನೋಡುವಂತಿರಲಿಲ್ಲ. ಇವರು ತಿರುಗಿದರೆ ಮೋತಿಯೂ ತಿರುಗಿ ಗಿಡ ತುಳಿಯುತ್ತಿತ್ತು. ಮೊದಲು ಕೆಲಸ ಕೊಟ್ಟವರು ಊರಾಚೆ ಹತ್ತಿ ಬೆಳೆಯುವ ಶಾಂತಮ್ಮ. ಒಂದು ಹಂಗಾಮು ಅವರ ಹೊಲ ನೋಡಿದ ಮೇಲೆ ನಕ್ಕವರೂ ಕರೆಯತೊಡಗಿದರು.

ಗಂಡ ಹೆಂಡತಿ ದಿನವಿಡೀ ಹೊಲದಲ್ಲಿರುತ್ತಿದ್ದರು. ಮಾತು ಮಾತ್ರ ಇರುತ್ತಿರಲಿಲ್ಲ. ಹೆಂಡತಿಯ ಬೆನ್ನು ಕಣ್ಣೆದುರಿಗಿದ್ದರೆ ಶರಣಪ್ಪನವರಿಗೆ ಏನು ಮಾತು ಬಂದೀತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಆ ಮೌನದ ಹಿಂದೆ ಏನಿದೆ ಎಂಬುದು ನನಗೆ ಗೊತ್ತಾದದ್ದು ನಿಂಗಮ್ಮ ಕಾಯಿಲೆ ಬಿದ್ದ ಮೇಲೆ.

ಅವರಿಗೆ ದಮ್ಮು ಕಟ್ಟತೊಡಗಿತ್ತು. ಮಹಬೂಬನಗರದ ಡಾಕ್ಟರು ಗುಂಡಿಗೆ ಸೋತಿದೆ, ದೂರ ನಡೆಯಬಾರದು ಎಂದರು. ಕೂತು ಮಾಡುವ ಸಣ್ಣ ಕೆಲಸವಾದರೆ ಅಡ್ಡಿಯಿಲ್ಲ ಎಂದೂ ಅಂದರಂತೆ. ಶರಣಪ್ಪ ಮರುದಿನವೇ ನನ್ನ ಅಂಗಡಿಗೆ ಬಂದರು, ಕೈಯಲ್ಲಿ ಪಾದದ ಅಳತೆಗೆಂದು ಹೆಂಡತಿಯ ಒಂದು ಚಪ್ಪಲಿ. ಗೋಡೆಗೆ ಮುಖ ಮಾಡಿ ತಮಗೆ ಬೇಕಾದ್ದನ್ನು ಹೇಳಿದರು. ಕುಂಟೆಗೆ ಎರಡು ಚಕ್ರ ಬೇಕು, ಮೇಲೊಂದು ಕುರ್ಚಿ ಬೇಕು. ಕುರ್ಚಿಯಲ್ಲಿ ಆಕೆ ಕೂರುತ್ತಾಳೆ, ಮುಂದೆ ತಾನು ಹಗ್ಗ ಹಿಡಿದು ನಡೆಯುತ್ತೇನೆ. ಆಕೆಯ ಕೈಯಲ್ಲಿ ಶಕ್ತಿಯಿಲ್ಲ, ಅಲಗು ಸರಿಸುವ ಕೆಲಸ ಕಾಲಿನಿಂದ ಆಗಬೇಕು. ಮನೆಯಲ್ಲಿ ಆರಾಮಾಗಿ ಇರಲಿ ಬಿಡಿ ಕಾಕಾ ಎಂದೆ. “ಮನ್ಯಾಗ ಕುಂತ್ರ ಆಕಿ ಉಳಿಯಂಗಿಲ್ಲ ತಮ್ಮಾ,” ಎಂದರು. “ನನ್ನ ಹಿಂದ ಕುಂದ್ರಸಬೇಕು ಆಕಿನ್ನ.”

ಆ ಕೊನೆಯ ಮಾತು ನನಗೆ ಆಗ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ನಿಂಗಮ್ಮ. ಕಾಲಿನ ಉದ್ದದ ಅಳತೆ ಕೊಡಲು ಬಂದು, ಅಂಗಡಿಯ ಸ್ಟೂಲಿನ ಮೇಲೆ ಉಸಿರು ಸುಧಾರಿಸಿಕೊಳ್ಳುತ್ತ ಕೂತಿದ್ದಾಗ, ನಾನು ಕೇಳದೆಯೇ ಹೇಳಿದರು. ಬಹಳ ಹಿಂದೆ ಅವರಿಗೊಬ್ಬಳು ಮಗಳಿದ್ದಳಂತೆ, ಗೌರಿ ಅಂತ. ಮಗುವಿಗೆ ಜ್ವರ ಏರಿತ್ತು, ಹೊರಗೆ ಜಡಿಮಳೆ. ಮಳೆ ನಿಂತ ಮೇಲೆ ನಾರಾಯಣಪೇಟೆಗೆ ಒಯ್ಯೋಣ ಎಂದವರು ನಿಂಗಮ್ಮ. ಮಳೆ ನಿಂತಿತು, ಟಾಂಗಾ ಹೊರಟಿತು, ದಾರಿಯಲ್ಲೇ ಮಗು ಅವರ ಮಡಿಲಲ್ಲಿ ತಣ್ಣಗಾಯಿತು. ಮುಂದೆ ಲಗಾಮು ಹಿಡಿದು ಕೂತಿದ್ದ ಗಂಡ, ತಿರುಗದೆಯೇ ಒಂದು ಮಾತು ಆಡಿದ್ದರು: “ನೀನ ಕೊಂದಿ.”

“ಅವತ್ತಿಂದ ನಾ ಆ ಗಾಡ್ಯಾಗ ಹಿಂದ ಕುಂತಿಲ್ಲ ತಮ್ಮಾ,” ಎಂದರು ನಿಂಗಮ್ಮ. “ಎಲ್ಲಿಗಿದ್ರೂ ನಡಕೋಂತ ಹೋಗೀನಿ. ಅವನೂ ಮತ್ತ ಆ ಮಾತು ಎತ್ತಿಲ್ಲ.”

ಎದುರಿಗೆ ನಿಂತರೆ ಬಾಯಿ ಬಾರದ ಮನುಷ್ಯ. ಬೆನ್ನು ಮಾಡಿ ಹೇಳೋಣವೆಂದರೆ ಹೆಂಡತಿ ಹಿಂದೆ ಕೂರುವುದಿಲ್ಲ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಇಷ್ಟು ವರ್ಷ ಜಾಗವೇ ಸಿಕ್ಕಿರಲಿಲ್ಲ. ಅಂದು ನಾನು ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಸುಮ್ಮನೆ ಕಬ್ಬಿಣದ ತುಂಡೊಂದನ್ನು ಸುಟ್ಟೆ. ಕಣ್ಣು ತೋರಿಸುವುದು ಬೇಡವಾಗಿತ್ತು.

ಸ್ಟೇರಿಂಗ್ ಮಾಡಿದೆವು. ಹಳೆಯ ಸ್ಕೂಟರಿನ ಚಕ್ರ, ಗುಜರಿಗೆ ಬಂದ ಜೀಪಿನ ಕಂಬಿ. ಕುರ್ಚಿಯ ಮುಂದೆ ಪಾದಕ್ಕೊಂದರಂತೆ ಎರಡು ಹಲಗೆ. ಒಂದೊಂದರಿಂದ ಒಂದೊಂದು ಕಂಬಿ ಹಿಂದಿನ ಅಲಗಿನ ದಂಡಿಗೆ. ಕುದುರೆ ತನ್ನ ಪಾಡಿಗೆ ನೆಟ್ಟಗೆ ನಡೆಯುತ್ತದೆ, ಕಾಲು ಒತ್ತಿದಂತೆ ಅಲಗು ಮಾತ್ರ ಎಡಕ್ಕೆ ಬಲಕ್ಕೆ ಸರಿಯುತ್ತದೆ. ತಲೆ ತಿರುಗಿದರೆ ಬೀಳಬಾರದೆಂದು ಕುರ್ಚಿಗೆ ಎತ್ತರದ ಒರಗು ಕೊಟ್ಟು, ಸೊಂಟಕ್ಕೊಂದು ಪಟ್ಟಿ ಹಾಕಿದೆ. ಅದು ನನ್ನದೇ ಬುದ್ಧಿ. ಭಾರೀ ಹೆಮ್ಮೆಪಟ್ಟಿದ್ದೆ.

ಶಾಂತಮ್ಮನ ಹೊಲದಲ್ಲಿ ಮೊದಲ ಸಲ ಓಡಿಸಿದಾಗ ನನ್ನ ಹೆಮ್ಮೆ ಮಣ್ಣುಪಾಲಾಯಿತು. ಎಡಗಾಲು ಒತ್ತಿದರೆ ಅಲಗು ಬಲಕ್ಕೆ ಹೋಗುತ್ತಿತ್ತು. ತಪ್ಪು ನನ್ನದು ಎಂದು ಶರಣಪ್ಪ, ನೀವು ಹೇಳಿದಂತೆಯೇ ಮಾಡಿದ್ದೇನೆ ಎಂದು ನಾನು. ಅವರು ಕುದುರೆಗೆ ಮುಖ ಮಾಡಿ ಬೈಯುತ್ತಿದ್ದರಿಂದ ಬೈಗುಳ ಮೋತಿಗೋ ನನಗೋ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಒಂದಷ್ಟು ಹತ್ತಿ ಗಿಡ ಬುಡಮೇಲಾಗಿದ್ದವು. ಕುರ್ಚಿಯ ಮೇಲೆ ನಿಂಗಮ್ಮ ನಕ್ಕು ನಕ್ಕು ಕೆಮ್ಮತೊಡಗಿದ್ದರು. ಆಕೆ ನಗುವುದನ್ನು ನಾನು ಕಂಡದ್ದು ಅದೇ ಮೊದಲು. ಶಾಂತಮ್ಮನೂ ಗಿಡ ಹೋದದ್ದನ್ನು ಮರೆತು ನಕ್ಕರು. ಮರುದಿನ ಕಂಬಿಗಳನ್ನು ಅಡ್ಡಡ್ಡ ದಾಟಿಸಿ ಕೂರಿಸಿದೆ, ಸರಿಹೋಯಿತು.

ಆಮೇಲೆ ಆ ಹಂಗಾಮೆಲ್ಲ ಅವರಿಬ್ಬರನ್ನೂ ನೋಡುವುದೇ ಒಂದು ಸೊಗಸು. ಮುಂದೆ ಶರಣಪ್ಪ, ನಡುವೆ ಮೋತಿ, ಹಿಂದೆ ಸೆರಗು ಬಿಗಿದು ಕೂತ ನಿಂಗಮ್ಮ. ರಸ್ತೆಯಲ್ಲಿ ಹೋಗುವವರ ಕಿವಿಗೂ ಶರಣಪ್ಪನವರ ಮಾತು ಬೀಳುತ್ತಿತ್ತು. ಗದ್ವಾಲದಲ್ಲಿದ್ದ ತಂಗಿಯ ಮನೆಯ ಸುದ್ದಿ, ಹಳೆಯ ಸವಾರಿಗಳ ಕತೆ, ಮೋತಿಯ ಹಟ. ನಿಂಗಮ್ಮ ಹಿಂದಿನಿಂದ ಹೂಂಗುಡುತ್ತಿದ್ದರು. ಕಂಬಿಗೆ ಎಣ್ಣೆ ಹಾಕಲು ಹೋದಾಗ ಆಕೆ ನನ್ನನ್ನು ಹತ್ತಿರ ಕರೆದು, “ನೀ ಮಾಡಿದ್ದು ಕುಂಟೆಗೆ ಅಲ್ಲ ತಮ್ಮಾ, ನನ್ನ ಗಂಡನ ಬಾಯಿಗೆ ಸ್ಟೇರಿಂಗ್,” ಎಂದರು. ಗೌರಿಯ ಮಾತು ಬಂತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದು ನನ್ನ ಮುಖದಲ್ಲೇ ಕಂಡಿರಬೇಕು. ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿದರು. ಬರುತ್ತದೆ ಎಂಬ ನಂಬಿಕೆ ಆಕೆಗಿತ್ತು.

ಮರುವರ್ಷ, ಅದೇ ಶಾಂತಮ್ಮನ ಹೊಲದಲ್ಲಿ, ಬಂತು.

ನಡೆದದ್ದನ್ನು ಶರಣಪ್ಪನವರೇ ನನಗೆ ಹೇಳಿದರು, ಮಣ್ಣು ಮಾಡಿ ಬಂದ ಮೇಲೆ, ಅಂಗಡಿಯ ಗೋಡೆಗೆ ಮುಖ ಮಾಡಿ. ಉದ್ದನೆಯ ಸಾಲು. ಹೊಲದ ನಡುವೆ ಒಂದು ಬೇವಿನ ಮರ. ಹೊರಟಾಗಿನಿಂದ ಅವರು ಅದೂ ಇದೂ ಮಾತಾಡುತ್ತಿದ್ದರು. ಬೇವಿನ ನೆರಳಿಗೆ ಬಂದಾಗ ಮನಸ್ಸು ಗಟ್ಟಿ ಮಾಡಿಕೊಂಡರು. “ಗೌರಿ ಹೋಗಿದ್ದು ನಿನ್ನಿಂದ ಅಲ್ಲ ಅಂದೆ. ಹಳ್ಳ ತುಂಬಿತ್ತು, ನೀ ಹೇಳದಿದ್ರೂ ನಾ ಗಾಡಿ ಕಟ್ತಿರಲಿಲ್ಲ ಅಂದೆ. ಸಿಟ್ಟಿನ್ಯಾಗ ಅಂದಿದ್ದು, ಹೊಟ್ಟ್ಯಾಗ ಇಟಗೋಬ್ಯಾಡ ಅಂದೆ.” ಹಿಂದಿನಿಂದ ಹೂಂ ಬರಲಿಲ್ಲ. ಅಳುತ್ತಿದ್ದಾಳೆ ಅಂದುಕೊಂಡರಂತೆ. ಅತ್ತು ಹಗುರಾಗಲಿ ಎಂದು ತಾವೂ ಸುಮ್ಮನೆ ನಡೆದರು. ತಿರುಗಿ ನೋಡುವಂತಿರಲಿಲ್ಲವಲ್ಲ. ಸಾಲಿನ ಕೊನೆಗೆ ಹೋಗಿ ಮೋತಿಯನ್ನು ತಿರುಗಿಸಿದಾಗ, ನಿಂಗಮ್ಮ ಒರಗಿಗೆ ತಲೆ ಆನಿಸಿ ಕೂತಿದ್ದರು. ಬಲಗಾಲಿನ ಭಾರವೆಲ್ಲ ಹಲಗೆಯ ಮೇಲಿತ್ತು. ಹಿಂದೆ ಬಲಗಡೆಯ ಸಾಲಿನ ಗಿಡಗಳೆಲ್ಲ ಉರುಳಿ ಬಿದ್ದಿದ್ದವು.

ಬಿದ್ದಿದ್ದರೆ ಸದ್ದಾಗುತ್ತಿತ್ತು, ಗೊತ್ತಾಗುತ್ತಿತ್ತು. ಬೀಳದಂತೆ ಪಟ್ಟಿ ಹಾಕಿದವನು ನಾನು.

ಶರಣಪ್ಪನವರಿಗೆ ಗೊತ್ತಾಗಬೇಕಿದ್ದದ್ದು ಒಂದೇ. ಗಿಡ ಬೀಳತೊಡಗಿದ್ದು ಬೇವಿನ ಮರಕ್ಕಿಂತ ಮೊದಲೋ, ಆಮೇಲೋ? ಆಮೇಲಾದರೆ ಆಕೆ ಕೇಳಿಸಿಕೊಂಡು ಹೋಗಿದ್ದಾಳೆ. ಅಂದು ಆ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ. ನಾನು ಹೊಲಕ್ಕೆ ಓಡಿದೆ. ಶಾಂತಮ್ಮ ಆಗಲೇ ಉರುಳಿದ ಗಿಡಗಳನ್ನು ಎತ್ತಿ ಹಾಕಿ, ಬಿಟ್ಟುಹೋದ ಜಾಗದಲ್ಲೆಲ್ಲ ಬೀಜ ಊರಿಸಿದ್ದರು. ಆ ಬರಿದಾದ ಸಾಲು ಶರಣಪ್ಪನವರ ಕಣ್ಣಿಗೆ ಬೀಳಬಾರದೆಂದು ಹಾಗೆ ಮಾಡಿದ್ದರು, ಪಾಪ. ಎಲ್ಲಿಂದ ಶುರುವಾಗಿತ್ತವ್ವ ಎಂದು ಕೇಳಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಹೊಸ ಮಣ್ಣಿನ ಗೆರೆ ನನಗೇ ಕಂಡಿತು. ನೋಡಿದ್ದನ್ನು ಬಂದು ಹೇಳಲು ನನ್ನಿಂದಾಗಲಿಲ್ಲ. ಮೊಳಕೆ ಬರಲಿ ಕಾಕಾ, ನೀವೇ ನೋಡುವಿರಂತೆ ಎಂದೆ.

ಮೊಳಕೆ ಬಂತು. ಶರಣಪ್ಪ ಹೊಲಕ್ಕೆ ಹೊರಟರು, ನಾನೂ ಜೊತೆಗೆ ಹೋದೆ. ಆ ವಾರವೇ ಅವರು ಮೋತಿಯನ್ನು ಹೊಡೆದುಕೊಂಡು ತಂಗಿಯ ಮನೆಗೆ ಗದ್ವಾಲಕ್ಕೆ ಹೋದರು. ಚಳಿಗಾಲದಲ್ಲಿ ಅವರೂ ತೀರಿದರೆಂಬ ಸುದ್ದಿಯಷ್ಟೇ ಬಂತು. ಹಾಗಾಗಿ ನಾನು ಅವರನ್ನು ಕಂಡದ್ದು ಅಂದು ಆ ಹೊಲದಲ್ಲೇ ಕೊನೆ.

ಮೊಣಕಾಲೆತ್ತರ ಬೆಳೆದ ಹತ್ತಿಯ ನಡುವೆ ಆ ಒಂದು ಸಾಲಿನಲ್ಲಿ ಮಾತ್ರ ಎರಡೆಲೆಯ ಸಸಿಗಳು. ಬೇವಿನ ಮರದ ಹತ್ತಿರ ನಿಂತು ಶರಣಪ್ಪ ಸಾಲಿನ ಹಿಂದುಮುಂದು ನೋಡಿದರು. ಮರದ ಈಚೆಗೂ, ಸಾಲು ಶುರುವಾಗುವ ಕಡೆಗೂ, ಸಸಿಗಳೇ ಇದ್ದವು. ಅವರು ಅವುಗಳ ಪಕ್ಕದಲ್ಲೇ ಹಿಂದಕ್ಕೆ ನಡೆದರು. ನಾನು ಮನಸ್ಸಿನಲ್ಲೇ ಸಾಕು ನಿಲ್ಲಿರಿ ಎನ್ನುತ್ತಿದ್ದೆ. ಸಸಿಗಳು ಮುಗಿಯಲಿಲ್ಲ. ಮರ ಬಹಳ ಹಿಂದೆ ಉಳಿದ ಮೇಲೆ ದೊಡ್ಡ ಗಿಡಗಳು ಬಂದವು. ಮೊದಲ ದೊಡ್ಡ ಗಿಡದ ಮುಂದೆ ಅವರು ಕುಕ್ಕುರುಗಾಲಲ್ಲಿ ಕೂತು ಅದರ ಎಲೆ ಮುಟ್ಟಿದರು.

“ಇಲ್ಲಿತನಕ ಇದ್ಲು,” ಎಂದರು.

ನಾನು ಹಿಂದೆ ನಿಂತಿದ್ದೆ. ಇಲ್ಲಿ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳುವ ಮನಸ್ಸು ನನಗಿರಲಿಲ್ಲ. ಅವರೇ ಹೇಳಿದರು.

“ಮೋತಿ ಲಾಳ ಸವದಾವ, ಹೊಸಾವು ಹಾಕಸಬೇಕು ಅಂದಿದ್ದೆ ತಮ್ಮಾ. ಅದಕ್ಕ ಹೂಂ ಅಂದಿದ್ಲು.”